ವ್ರತ ಮುರಿದ ಮರುದಿನ

ಅಯ್ಯಪ್ಪ ಮಾಲೆ ಹಾಕಿದ 41 ದಿನ ಹನಿ ಹೆಂಡ ಮುಟ್ಟದವರು ಮಾಲೆ ತೆಗೆದ ವಾರಕ್ಕೇ ಮೊದಲಿನಂತಾದರು ಎಂಬ ದೂರು ಕುಡಿತ ಬಿಡಿಸುವ ಆಪ್ತಸಲಹೆಯ ಕೆಲಸದಲ್ಲಿರುವ ನಮಗೆ ಸಂಕ್ರಾಂತಿ ಕಳೆದ ಮೇಲೆ ಪ್ರತಿ ವರ್ಷ ಬರುತ್ತದೆ. ಮೂಡಿಗೆರೆ ಕಡೆಯ ಈ ಎಸ್ಟೇಟ್ ರೈಟರ್ (ತೋಟದ ಆಳುಗಳ ಹಾಜರಿ, ಕೂಲಿ ಲೆಕ್ಕ ಬರೆಯುವವರು; ಗುರುತು ಸಿಗದಂತೆ ವಿವರ ಬದಲಿಸಿದೆ) ಇನ್ನೂ ಮುಂದೆ ಹೋಗಿ 73 ದಿನ ಕುಡಿಯದೆ ಇದ್ದರು. ಆಮೇಲೆ ಭಾವಮೈದನ ಮನೆಯ ಬಾಡೂಟದಲ್ಲಿ ಒಂದು ನೈಂಟಿ. ಅಲ್ಲಿಂದ ಒಂಬತ್ತು ದಿನ ಬಿಡದೆ ಕುಡಿತ.

"ಬೆಳಿಗ್ಗೆ ಎದ್ದಾಗ ಅನ್ನಿಸ್ತು ಸಾರ್, ವ್ರತ ಮುರ್ದೋಯ್ತಲ್ಲ, ಇನ್ನೇನ್ ಉಳೀತು ಅಂತ. ಕ್ವಾರ್ಟರ್ ತರಿಸ್ದೆ."

ಅವರ ಕೆಲಸದ್ದೇ ಲೆಕ್ಕ ಕೇಳಬೇಕಾಯಿತು. ಆಳು 73 ದಿನ ಬಂದು ಒಂದು ದಿನ ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಏನು ಬರೆಯುತ್ತೀರಿ?

"ಆ ದಿನಕ್ಕೆ ಗೈರು."

"ಹಿಂದಿನ ಕೂಲಿ?"

"ಅದನ್ನ ಹೊಡೆದಾಕಿದ್ರೆ ಲೈನ್‌ಮನೆ ಆಳುಗಳು ನನ್ನೇ ಹೊಡೀತಾರೆ!" ನಕ್ಕರು. ಹೆಂಡತಿ ನಗಲಿಲ್ಲ. "ಹಂಗಾದ್ರೆ ತಿಂಗ್ಳಿಗೊಂದ್ಸಲ ಕುಡೀಲಿ ಅಂತೀರಾ ಸಾರ್?"

ಖಂಡಿತ ಇಲ್ಲ. ಈ ಆಕ್ಷೇಪ ಈ ಕೆಲಸದಲ್ಲಿರುವವರಿಂದಲೂ ಬರುತ್ತದೆ. ಆದರೆ ಒಂಬತ್ತು ದಿನ ಕುಡಿಸಿದ್ದು ಮರುದಿನದ ನಾಚಿಕೆ. ಅದನ್ನು ಮರೆಯಲು ಅವರಿಗೆ ಗೊತ್ತಿದ್ದ ದಾರಿ ಮತ್ತೆ ಅದೇ ಬಾಟಲಿ. ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸಿದ್ದರೆ ನಾಚಿಕೆ ಇನ್ನಷ್ಟು ಏರುತ್ತಿತ್ತು. ಹಾಗಾಗಿ ಆಣೆ ಬೇಡ ಎಂದದ್ದು.

ಇನ್ನೊಮ್ಮೆ ಜಾರಿ ಕುಡಿದರೆ ಆ ರಾತ್ರಿಯೇ ಉಳಿದದ್ದನ್ನು ಚೆಲ್ಲಿ, ಉಂಡು ಮಲಗುವುದು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಹೆಂಡತಿಗೆ ಹೇಳುವುದು. ಆಕೆ ರಾತ್ರಿ ಜಗಳ ತೆಗೆಯದಿರುವುದು, ಅಮಲಿನಲ್ಲಿ ಆಡಿದ ಮಾತು ಎಷ್ಟೋ ಸಲ ನೆನಪಿರುವುದಿಲ್ಲ. ಶನಿವಾರದ ಬಟವಾಡೆ ಇವರಿಗೆ ಕೆಟ್ಟ ಹೊತ್ತು: ಮಧ್ಯಾಹ್ನ ಊಟವಿಲ್ಲ, ಜೇಬಲ್ಲಿ ದುಡ್ಡು, ಜತೆಗೆ ಮೇಸ್ತ್ರಿ. ಉಂಡೇ ಬಟವಾಡೆಗೆ ಕೂರಬೇಕು, ಸಂಬಳ ಹೆಂಡತಿಯ ಕೈ ಸೇರಿದ ಮೇಲೆ ಸಂತೆ. ಮಾಲೆಯಲ್ಲಿದ್ದಾಗ ಸಂಜೆಗೆ ಪೂಜೆಯಿತ್ತು, 'ಸ್ವಾಮಿ' ಎನ್ನುವವರ ಜತೆಯಿತ್ತು, ಕುಡಿಯಲು ಯಾರೂ ಕರೆಯುತ್ತಿರಲಿಲ್ಲ. ಮಾಲೆಯೊಂದಿಗೆ ಎಲ್ಲವೂ ಹೋಯಿತು. ಭಜನೆಯನ್ನಾದರೂ ಉಳಿಸಿಕೊಳ್ಳಿ ಎಂದದ್ದು ಅದಕ್ಕೆ.

ಇಷ್ಟೆಲ್ಲ ಮಾತು ಕುಡಿತ ನಿಲ್ಲಿಸಲು ಆಸ್ಪತ್ರೆ ಸೇರಿ ಬಂದ ಮೇಲಿನದು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್; ಎರಡರಿಂದ ನಾಲ್ಕನೇ ದಿನದೊಳಗೆ ಗಲಿಬಿಲಿ, ಇಲ್ಲದ್ದು ಕಾಣುವುದು. ಇದನ್ನು ದೆವ್ವ ಮೆಟ್ಟಿದ್ದೆಂದು ಕಟ್ಟಿಹಾಕಿ ಕೂರಬಾರದು, ಜೀವ ಹೋಗಬಹುದು.

ಹೊರಡುವಾಗ ಆಕೆ ಕೇಳಿದ್ದು, ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸಲೇ ಎಂದು. ಬೇಡ. ಆ ಮಾತ್ರೆ, ಡೈಸಲ್ಫಿರಾಮ್, ಒಳಗಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿಯಬಹುದು, ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಆ ಅಪಾಯವಿದೆ. ಗಂಡನಿಗೆ ತಿಳಿಸಿ, ಅವರು ಒಪ್ಪಿ, ಮನೋವೈದ್ಯರು ಬರೆದುಕೊಟ್ಟರೆ ಮಾತ್ರ ಕೊಡಬೇಕಾದ ಮಾತ್ರೆ ಅದು. ವೈದ್ಯರು ದೂರವಿದ್ದರೆ ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.