ಚೀಸ್ ಡಬ್ಬಿಯ 234

ಪ್ರಶ್ನೆ: ಮಕ್ಕಳ ಹಠಕ್ಕೆ ಕಾಸರಗೋಡು ಪೇಟೆಯಿಂದ ಒಂದು ಚೀಸ್ ಡಬ್ಬಿ ತಂದೆ. ಹಿಂಬದಿ ಸಣ್ಣ ಅಕ್ಷರದಲ್ಲಿ ‘ಪ್ರಿಸರ್ವೇಟಿವ್ 234’ ಅಂತ ಇತ್ತು. ಮಗಳು ಫೋನಿನಲ್ಲಿ ಹುಡುಕಿ, ಅದು ನಿಸಿನ್ ಅಮ್ಮಾ, ಬ್ಯಾಕ್ಟೀರಿಯಾವೇ ಮಾಡುವ ನೈಸರ್ಗಿಕ ವಸ್ತು, ಹೆದರಬೇಡ ಅಂದಳು. ಆದರೆ ಆಂಟಿಬಯಾಟಿಕ್‌ಗೆ ಆದ ಹಾಗೆ ರೋಗಾಣುಗಳು ಇದಕ್ಕೂ ಬಗ್ಗದೆ ಹೋದರೆ?
ಓದುಗರೊಬ್ಬರು, ಪೆರ್ಲ

ಉತ್ತರ: ಹೋಗುತ್ತವೆ, ಕೆಲವು ಈಗಾಗಲೇ ಹೋಗಿವೆ. ನೈಸರ್ಗಿಕ ಅಂದ ಕೂಡಲೇ ಬ್ಯಾಕ್ಟೀರಿಯಾ ಏನೂ ಮರ್ಯಾದೆ ಕೊಡುವುದಿಲ್ಲ.

ನಿಸಿನ್ ಅಂದರೆ 34 ಅಮಿನೋ ಆಮ್ಲಗಳ ಒಂದು ಪುಟ್ಟ ಸರ. ಹಾಲಿನಲ್ಲಿ ಬೆಳೆಯುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾ ಅಕ್ಕಪಕ್ಕದವರನ್ನು ಓಡಿಸಲು ಇದನ್ನು ಮಾಡಿಕೊಳ್ಳುತ್ತದೆ. ಇದಕ್ಕೆ ಪ್ಲಸ್ ಚಾರ್ಜು, ಬ್ಯಾಕ್ಟೀರಿಯಾದ ಮೈಗೆ ಮೈನಸ್, ಹಾಗಾಗಿ ಹೋಗಿ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಮನೆ ಕಟ್ಟುವಾಗ ಅಂಗಳದಲ್ಲಿ ಕೆಂಪುಕಲ್ಲು ಪೇರಿಸಿಟ್ಟಿರುತ್ತೇವಲ್ಲ, ಬ್ಯಾಕ್ಟೀರಿಯಾ ಕೂಡ ತನ್ನ ಗೋಡೆಗೆ ಬೇಕಾದ ಕಲ್ಲನ್ನು ಹಾಗೇ ತಂದಿಡುತ್ತದೆ, ಲಿಪಿಡ್ 2 ಅಂತ ಅದರ ಹೆಸರು. ನಿಸಿನ್ ಆ ಕಲ್ಲನ್ನೇ ಗಟ್ಟಿಯಾಗಿ ಹಿಡಿದು ಒಳಪೊರೆಗೆ ತೂತು ಕೊರೆಯುತ್ತದೆ. ಒಳಗಿನದ್ದೆಲ್ಲ ಸೋರಿ ಕಥೆ ಮುಗಿಯಿತು.

ಇದರಿಂದ ತಪ್ಪಿಸಿಕೊಳ್ಳಲು ಲಿಸ್ಟೀರಿಯಾ, ಅಂದರೆ ಆಹಾರದಿಂದ ಕಾಯಿಲೆ ತರುವ ಒಂದು ಬ್ಯಾಕ್ಟೀರಿಯಾ, ಮಾಡುವ ಉಪಾಯ ನೋಡಿ. ಗೋಡೆಯ ಮೇಲೆ ಅಲನಿನ್ ಎಂಬ ಅಮಿನೋ ಆಮ್ಲವನ್ನು ಅಲ್ಲಲ್ಲಿ ಅಂಟಿಸುತ್ತದೆ, ಅಷ್ಟಕ್ಕೇ ಮೈನಸ್ ಕಡಿಮೆಯಾಗಿ ನಿಸಿನ್ನಿಗೆ ಹಿಡಿತ ಸಿಗುವುದಿಲ್ಲ. ಪೊರೆಯ ಕೊಬ್ಬನ್ನೂ ಬದಲಾಯಿಸಿಕೊಳ್ಳುತ್ತದೆ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ನಿಸಿನ್ನನ್ನೇ ಕತ್ತರಿಸುವ ಕಿಣ್ವ ಇಟ್ಟುಕೊಂಡಿವೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗೆ ಈ ಯಾವ ಕಷ್ಟವೂ ಬೇಡ, ಹುಟ್ಟಿನಿಂದಲೇ ಹೊರಗೊಂದು ಪೊರೆ ಇದೆ, ನಿಸಿನ್ ಒಳಗೆ ಹೋಗುವುದೇ ಕಷ್ಟ.

ಇದನ್ನು ಯಾರೂ ಅವಕ್ಕೆ ಕಲಿಸಿದ್ದಲ್ಲ. ಕೋಟಿಗಟ್ಟಲೆ ಬ್ಯಾಕ್ಟೀರಿಯಾದಲ್ಲಿ ಒಂದೆರಡಕ್ಕೆ ಜೀನ್ ತಪ್ಪಿನಿಂದ ಇಂಥ ಮೈ ಬಂದಿರುತ್ತದೆ. ನಿಸಿನ್ ಅರೆಬರೆ ಇದ್ದರೆ ಉಳಿದವು ಸತ್ತು ಇವಕ್ಕೆ ಜಾಗ ಖಾಲಿಯಾಗುತ್ತದೆ.

ಆದರೂ ನಿಮ್ಮ ಡಬ್ಬಿಯ ಬಗ್ಗೆ ನನಗೆ ಅಷ್ಟು ಗಾಬರಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯಾದ ಎಫ್‌ಎಒ ತಜ್ಞರು 1969ರಲ್ಲಿ ಒಪ್ಪಿದ ಮೇಲೆ ನಿಸಿನ್ ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿದೆ, ಇವತ್ತಿಗೂ ಕೆಲಸ ಮಾಡುತ್ತಿದೆ. ಮೈ ಬದಲಾಯಿಸಿಕೊಂಡ ಲಿಸ್ಟೀರಿಯಾ ಎಷ್ಟೋ ಸಲ ನಿಧಾನವಾಗಿ ಬೆಳೆಯುತ್ತದೆ. ನನಗೆ ಹೆದರಿಕೆ ಇರುವುದು ಕೊಲಿಸ್ಟಿನ್ ವಿಷಯದಲ್ಲಿ. ಅದೂ ಬ್ಯಾಕ್ಟೀರಿಯಾ ಮಾಡುವ ಪೆಪ್ಟೈಡೇ, ಅಂದರೆ ಅಮಿನೋ ಆಮ್ಲಗಳ ಸರವೇ, ಆದರೆ ಆಸ್ಪತ್ರೆಯಲ್ಲಿ ಕೊನೆಯ ಮದ್ದು. ಅದನ್ನು ಕೋಳಿ, ಹಂದಿಗೆ ಸುಮ್ನೆ ತಿನ್ನಿಸಿದರು. 2015ರಲ್ಲಿ ಚೀನಾದಲ್ಲಿ, ಕೊಲಿಸ್ಟಿನ್‌ಗೆ ಬಗ್ಗದ ಹಾಗೆ ಮಾಡುವ ಎಂಸಿಆರ್-1 ಎಂಬ ಜೀನ್ ಸಿಕ್ಕಿತು. ಮಾಡುವುದು ಅದೇ ಉಪಾಯ, ಮೈನಸ್ ಕಡಿಮೆ ಮಾಡುವುದು. ಆದರೆ ಈ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ! ನಮ್ಮ ದೇಶದಲ್ಲಿ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿದರು.

ನಿಮ್ಮ ಚೀಸನ್ನು ತೆರೆದ ಮೇಲೆ ಬೇಗ ಮುಗಿಸಿ. ಲಿಸ್ಟೀರಿಯಾ ಫ್ರಿಜ್ಜಿನ 4 ಡಿಗ್ರಿಯಲ್ಲೂ ಮೆಲ್ಲಗೆ ಬೆಳೆಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಬರುವುದು ಯಾವಾಗ ಅಂತ ನಿಮಗೂ ಗೊತ್ತಲ್ವಾ?

ಪ್ರಶ್ನೆ: ಹಾಗಾದರೆ ಮನೆ ಮೊಸರಲ್ಲೂ ನಿಸಿನ್ ಇರುತ್ತಾ?
ಇನ್ನೊಬ್ಬರು, ಮುಳ್ಳೇರಿಯ

ಉತ್ತರ: ಇದ್ದರೂ ಇರಬಹುದು. ಲ್ಯಾಕ್ಟೊಕಾಕಸ್‌ನಲ್ಲಿ ಕೆಲವು ತಳಿಗಳು ಮಾತ್ರ ನಿಸಿನ್ ಮಾಡುತ್ತವೆ, ನಿಮ್ಮ ಹೆಪ್ಪಿನಲ್ಲಿ ಯಾವುದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಮೊಸರನ್ನು ಕಾಯುವುದು ಹೆಚ್ಚಾಗಿ ಅದರ ಹುಳಿಯೇ.