ಕಲಿಕಾ ನ್ಯೂನತೆ ಇರುವ ಹೈಸ್ಕೂಲ್ ಮಕ್ಕಳಿಗೆ ಓದುವ ತಂತ್ರ ಕಲಿಸುವುದು ಹೇಗೆ?

ಒಂದು ಸಲಕ್ಕೆ ಒಂದೇ ತಂತ್ರ ಹಿಡಿಯಿರಿ. ಓದಿದ್ದು ತಲೆಯಲ್ಲಿ ನಿಲ್ಲದ ಮಕ್ಕಳಿಗೆ ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಕ್ರಮ ಒಳ್ಳೆಯ ಆರಂಭ: ಒಂದು ಪ್ಯಾರಾ ಓದು, ಮುಖ್ಯ ವಿಷಯ ಯಾವುದು, ಅದರ ಎರಡು ವಿವರ ಯಾವುವು ಎಂದು ನಿನ್ನನ್ನೇ ಕೇಳಿಕೋ, ಸ್ವಂತ ಮಾತಿನಲ್ಲಿ ಹೇಳು.

ಮೊದಲು ಶಿಕ್ಷಕರೇ ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ ತೋರಿಸಬೇಕು. ಗಿಡದ ಬೇರಿನ ಬಗೆಗಿನ ಪ್ಯಾರಾ ಆದರೆ ಹೀಗೆ: ‘ಮುಖ್ಯ ವಿಷಯ ಮೊದಲ ಸಾಲಿನಲ್ಲಿ ಸಿಗಲಿಲ್ಲ. ಆದರೆ ಎಲ್ಲ ಸಾಲುಗಳಲ್ಲೂ ಬೇರಿನ ಮಾತೇ ಇದೆ. ಹಾಗಾದರೆ ಬೇರಿನ ಕೆಲಸವೇ ಮುಖ್ಯ ವಿಷಯ.’ ಇದನ್ನು ಬಿಟ್ಟು ಬರೀ ಹಂತಗಳ ಚಾರ್ಟ್ ಅಂಟಿಸಿದರೆ ಪ್ರಯೋಜನವಿಲ್ಲ. ಹಂತಗಳು ಬಾಯಿಪಾಠವಾಗಲಿ, ಅವನ್ನು ನೆನಪಿಸಿಕೊಳ್ಳುವುದಕ್ಕೇ ಗಮನವೆಲ್ಲ ಖರ್ಚಾದರೆ ಅರ್ಥದ ಕಡೆ ಮನಸ್ಸು ಹೋಗುವುದಿಲ್ಲ.

ಅಭ್ಯಾಸಕ್ಕೆ ಮಗು ಸಲೀಸಾಗಿ ಓದಬಲ್ಲ ಪಠ್ಯವೇ ಬೇಕು, ಎಂಟನೇ ತರಗತಿಯವರಿಗೆ ಅದು ಐದನೇ ತರಗತಿ ಮಟ್ಟದ್ದಾದರೂ ಸರಿ (ವಿಷಯ ಮಾತ್ರ ವಯಸ್ಸಿಗೆ ತಕ್ಕದ್ದಿರಲಿ, ಇಲ್ಲದಿದ್ದರೆ ಅವಮಾನವಾಗುತ್ತದೆ). ಹಿಡಿತ ಬಂದ ಮೇಲೆ ತರಗತಿಯ ಪುಸ್ತಕಕ್ಕೆ ಹೋಗಿ. ಹೆಚ್ಚಾಗಿ ಆಗುವ ತಪ್ಪೆಂದರೆ ಪ್ಯಾರಾದ ಮೊದಲ ವಾಕ್ಯವನ್ನೇ ಒಪ್ಪಿಸಿಬಿಡುವುದು. ಆಗ ಪುಸ್ತಕ ಮುಚ್ಚಿಸಿ ಹೇಳಿಸಿ.

ವಿಶೇಷ ತರಗತಿಯಲ್ಲಿ ಕಲಿತದ್ದು ವಿಜ್ಞಾನದ ಪಿರಿಯಡ್‌ನಲ್ಲಿ ತಾನಾಗಿಯೇ ಬಳಕೆಗೆ ಬರುವುದಿಲ್ಲ. ಆ ಶಿಕ್ಷಕರೂ ಅದೇ ಮಾತುಗಳಲ್ಲಿ ನೆನಪಿಸುತ್ತಿರಬೇಕು.