ಕೊನೆಗೆ ನಾಯಕ ಸಾಯುತ್ತಾನೆ ಅಂತ ಗೊತ್ತಿದ್ದೂ ಕಾಯಿಲೆಯ ಅಪ್ಪನಿಗೆ ಆ ಸರಣಿ ಪೂರ್ತಿ ತೋರಿಸಬಹುದಾ?

ಚಿಕ್ಕಮಗಳೂರಿನ ಮನೆಯಲ್ಲಿ ಅಪ್ಪನಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ, ದಿನಾ ರಾತ್ರಿ ಇಬ್ಬರೂ ಕೂತು 'ಬ್ರೇಕಿಂಗ್ ಬ್ಯಾಡ್' ಅನ್ನೋ ಅಮೆರಿಕದ ಸರಣಿ ನೋಡುತ್ತಿದ್ದೀರಿ, ಅದರ ನಾಯಕ ವಾಲ್ಟರ್ ವೈಟ್ ಕೊನೆಗೆ ಸಾಯುತ್ತಾನೆ ಅಂತ ನಿಮಗೆ ಈಗ ತಿಳಿದಿದೆ. ನಾಲ್ಕನೇ ಸೀಸನ್ನಿಗೇ ನಿಲ್ಲಿಸಿ "ಮುಂದಿನದು ಸಿಗುತ್ತಿಲ್ಲ" ಅಂದುಬಿಡಲಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಬೇಡ. ಇದೇ ಕೆಲಸವನ್ನು ನಾನು ಇಪ್ಪತ್ತು ವರ್ಷದ ಹಿಂದೆ ಹಾಸನದಲ್ಲಿ ನಮ್ಮಜ್ಜಿಗೆ ಮಾಡಿದ್ದೇನೆ.

ಆಗ ಈಟಿವಿ ಕನ್ನಡದಲ್ಲಿ 'ಗೃಹಭಂಗ' ಬರುತ್ತಿತ್ತು. ಭೈರಪ್ಪನವರ ಕಾದಂಬರಿ, ಗಿರೀಶ ಕಾಸರವಳ್ಳಿಯವರ ನಿರ್ದೇಶನ, ನಂಜಮ್ಮನಾಗಿ ಮಾಳವಿಕಾ. ಅಜ್ಜಿಯ ತವರು ಭೈರಪ್ಪನವರ ಸಂತೇಶಿವರದ ಹಾಗೆ ಚನ್ನರಾಯಪಟ್ಟಣ ತಾಲೂಕಿನದೇ. ಹಾಗಾಗಿ ಅವರಿಗೆ ಅದು ಕತೆಯೇ ಅಲ್ಲ, ಪಕ್ಕದ ಬೀದಿಯ ಸಮಾಚಾರ. ಗಂಡ ಮಾಡಬೇಕಾದ ಶಾನುಭೋಗಿಕೆ ಲೆಕ್ಕವನ್ನು ತಾನು ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುವ ನಂಜಮ್ಮ ಅಂದರೆ ಅಜ್ಜಿಗೆ ಪ್ರಾಣ. ಅತ್ತೆ ಗಂಗಮ್ಮ ಬಾಯಿ ತೆಗೆದರೆ "ನಿನ್ ಬಾಯಿಗೆ ಮಣ್ ಹಾಕ" ಅಂತ ಟಿವಿಗೇ ಬೈಯುತ್ತಿದ್ದರು. ಸಾಲಗಾಮೆ ರಸ್ತೆಯ ಆ ಬಾಡಿಗೆ ಮನೆಯಲ್ಲಿ ನಾನು, ಅಮ್ಮ, ಅಜ್ಜಿ ಮೂವರೇ ಇದ್ದದ್ದು.

ನಾನು ಕಾಲೇಜಿನಲ್ಲಿ ಕಾದಂಬರಿ ಓದಿದ್ದೆ. ಪ್ಲೇಗು ಬರುತ್ತದೆ, ಮೊದಲು ಬೆಳೆದ ಮಕ್ಕಳಿಬ್ಬರು ಹೋಗುತ್ತಾರೆ, ಆಮೇಲೆ ನಂಜಮ್ಮನೂ ಹೋಗುತ್ತಾಳೆ ಅಂತ ಗೊತ್ತಿತ್ತು. ಅಜ್ಜಿಯ ಅಮ್ಮ ತೀರಿಕೊಂಡದ್ದೂ ಪ್ಲೇಗಿನಲ್ಲೇ, ಅಜ್ಜಿಗೆ ಆಗ ಎಂಟು ವರ್ಷ. ನಮಗೆ ತಿಳಿದಿದ್ದದ್ದು ಅಷ್ಟೇ. ಅಜ್ಜಿ ಆ ಮಾತನ್ನು ಯಾವತ್ತೂ ಎತ್ತಿದವರಲ್ಲ. ನಾವೂ ಕೇಳಿದವರಲ್ಲ. ಅವರಿಗೆ ಆಗಲೇ ಎಂಬತ್ತು ದಾಟಿತ್ತು, ಬಿ.ಪಿ. ಇತ್ತು, ಒಂದು ಸಲ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದೆವು. ಇದನ್ನು ನೋಡಿದರೆ ಜೀವ ತಡೆಯಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಅಮ್ಮನನ್ನು ಕೇಳಲಿಲ್ಲ, ಡಾಕ್ಟರನ್ನೂ ಕೇಳಲಿಲ್ಲ. ಅಜ್ಜಿಯನ್ನು ಕೇಳಬೇಕು ಅಂತ ಹೊಳೆಯಲೇ ಇಲ್ಲ.

ಸೆಟ್ ಟಾಪ್ ಬಾಕ್ಸ್ ಇನ್ನೂ ಬಂದಿರಲಿಲ್ಲ. ಕಿಟಕಿಯಿಂದ ಬಂದ ಕಪ್ಪು ವೈರಿನ ತುದಿಯ ಪಿನ್ನನ್ನು ಟಿವಿ ಹಿಂದೆ ಸಿಕ್ಕಿಸಿರುತ್ತಿದ್ದೆವು. ಅದನ್ನು ಅರ್ಧ ಇಂಚು ಎಳೆದರೆ ಸಾಕು, ಪರದೆ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬರೀ ಚುಕ್ಕೆ. ಕತೆ ಪ್ಲೇಗಿನ ಕಡೆ ತಿರುಗುತ್ತಿದೆ ಅನ್ನಿಸಿದ ದಿನದಿಂದ ಆ ಹೊತ್ತಿಗೆ ಸರಿಯಾಗಿ ಪಿನ್ ಎಳೆಯುತ್ತಿದ್ದೆ, ಧಾರಾವಾಹಿ ಮುಗಿದ ಮೇಲೆ ಮತ್ತೆ ಸಿಕ್ಕಿಸುತ್ತಿದ್ದೆ. "ಕೇಬಲ್‌ನೋನು ಏನೋ ರಿಪೇರಿ ಮಾಡ್ತಾವ್ನಂತೆ ಅಜ್ಜಿ" ಅಂದೆ. ಎರಡು ಮೂರು ದಿನ ಅಜ್ಜಿ ಸುಮ್ಮನೆ ಕೂತು ಚುಕ್ಕೆಗಳನ್ನೇ ನೋಡಿದರು. ಆಮೇಲೆ ಆ ಹೊತ್ತಾಗುತ್ತಿದ್ದ ಹಾಗೆ ಸೆರಗು ಹೊದ್ದು ಪಕ್ಕದ ಮನೆ ಆಂಟಿ ಹತ್ತಿರ ಮಾತಾಡಲು ಹೋಗತೊಡಗಿದರು. ಧಾರಾವಾಹಿ ಮರೆತರು, ಗೆದ್ದೆ ಅಂದುಕೊಂಡೆ. ಒಂದು ದಿನ "ನಂಜಮ್ಮ ಏನಾದ್ಲೋ ಮಗ, ನೀನು ಓದಿದ್ಯಲ್ಲ" ಅಂತ ಕೇಳಿದರು. "ಮಗನ ಜೊತೆ ಚೆನ್ನಾಗವ್ಳೆ ಅಜ್ಜಿ" ಅಂದೆ. ಅಜ್ಜಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಹಂಗಾ" ಅಂದು ಎಲೆಗೆ ಸುಣ್ಣ ಸವರಿದರು.

ಅದಾಗಿ ಎರಡು ವರ್ಷಕ್ಕೆ ಅಜ್ಜಿ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದಿದ್ದ ಪಕ್ಕದ ಮನೆ ಆಂಟಿ ಕಣ್ಣೊರೆಸಿಕೊಂಡು ಹೇಳಿದರು. ಅಜ್ಜಿ 'ಗೃಹಭಂಗ'ವನ್ನು ಕೊನೆಯವರೆಗೂ ಅವರ ಮನೆಯಲ್ಲೇ ನೋಡಿದ್ದರಂತೆ. ನಂಜಮ್ಮ ಹೋದ ದಿನ ಟಿವಿ ಆರಿಸಿದ ಮೇಲೂ ಏಳಲಿಲ್ಲವಂತೆ. ಗೋಡೆಗೊರಗಿ ಕೂತು ತಮ್ಮಮ್ಮನ ಕತೆಯನ್ನು ಮೊದಲಿಂದ ಹೇಳಿದರಂತೆ. ಊರಲ್ಲಿ ಇಲಿ ಬಿದ್ದು ಎಲ್ಲರೂ ಹೊಲದ ಕಡೆ ಗುಡಿಸಲು ಹಾಕಿಕೊಂಡು ಹೋದದ್ದು, ಅಮ್ಮನ ಕಂಕುಳಲ್ಲಿ ಗಡ್ಡೆ ಎದ್ದದ್ದು, ಮಗಳನ್ನು ಹತ್ತಿರ ಸೇರಿಸದೆ ದೂರ ಕೂರಿಸಿದ್ದು. ಅವತ್ತಿನವರೆಗೂ ಅಜ್ಜಿಗೆ ಜಡೆ ಹಾಕುತ್ತಿದ್ದದ್ದು ಅವರಮ್ಮ. ಆ ದಿನ ಅಮ್ಮ ಗುಡಿಸಲೊಳಗಿಂದಲೇ ಹೇಳಿಕೊಟ್ಟರಂತೆ: ಮೂರು ಎಳೆ ಮಾಡ್ಕೋ, ಬಲಗಡೇದು ನಡುಕ್ಕೆ ತಾ, ಈಗ ಎಡಗಡೇದು, ಬಿಗಿಯಾಗಿ ಹಿಡಿ. ಎಂಟು ವರ್ಷದ ಹುಡುಗಿ ಬಿಸಿಲಲ್ಲಿ ಕೂತು ಮೊದಲ ಸಲ ತನ್ನ ಜಡೆ ತಾನೇ ಹಾಕಿಕೊಂಡು, ತಿರುಗಿ ಕೂತು ಬೆನ್ನು ತೋರಿಸಿದಳಂತೆ.

"ನಮಗ್ಯಾಕೆ ಹೇಳ್ಲಿಲ್ಲ ಆಂಟಿ?" ಅಂದೆ. "ನೀನು ವೈರು ಕೀಳೋದು ಅವರಿಗೆ ಗೊತ್ತಿತ್ತು ಕಣೋ. ಹುಡುಗ ಹೆದರ್ಕಂಡವ್ನೆ, ಅವನ ಮುಂದೆ ಈ ಮಾತು ಬೇಡ ಅಂದಿದ್ರು" ಅಂದರು.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಅಜ್ಜಿಯನ್ನು ದುಃಖದಿಂದ ಕಾಪಾಡುತ್ತಿದ್ದೇನೆ ಅಂತ ನಾನು ತಿಳಿದಿದ್ದೆ. ಆ ದುಃಖ ಅವರ ಜೊತೆ ಎಪ್ಪತ್ತು ವರ್ಷದಿಂದ ಇತ್ತು, ಟಿವಿಯಿಂದ ಬರಬೇಕಾಗಿರಲಿಲ್ಲ. ನಾನು ಎಳೆದ ವೈರು ಅವರಿಗೆ ಹೇಳಿದ್ದು ಒಂದೇ: ಈ ಮನೆಯಲ್ಲಿ ಸಾವಿನ ಮಾತು ಆಡುವ ಹಾಗಿಲ್ಲ. ಅವರು ನನ್ನನ್ನು ಕಾಪಾಡಲು ಶುರುಮಾಡಿದರು. ಅಜ್ಜಿಯ ಅಮ್ಮನ ಹೆಸರೇನು ಅಂತ ಆಂಟಿಯನ್ನು ಕೇಳಿದೆ. ಅಜ್ಜಿ ಹೇಳಿದ್ದರಂತೆ, ಇವರಿಗೆ ನೆನಪಿಲ್ಲ. ನಮ್ಮಮ್ಮನಿಗೂ ಗೊತ್ತಿಲ್ಲ. ತವರಿನಲ್ಲಿ ಕೇಳಲು ಈಗ ಆ ತಲೆಮಾರಿನವರು ಯಾರೂ ಇಲ್ಲ.

ಇನ್ನು ನಿಮ್ಮ ಸರಣಿಯ ವಿಷಯ. ಮೊದಲ ಕಂತಿನಲ್ಲೇ ಐವತ್ತು ತುಂಬಿದ ಕೆಮಿಸ್ಟ್ರಿ ಮೇಷ್ಟ್ರಿಗೆ ಆಪರೇಷನ್ ಮಾಡಲಾಗದ ಶ್ವಾಸಕೋಶದ ಕ್ಯಾನ್ಸರ್ ಅಂತ ಹೇಳುತ್ತಾರೆ. ಅದನ್ನು ನೋಡಿಯೂ ನಿಮ್ಮಪ್ಪ ಎರಡನೇ ಕಂತು ಹಾಕು ಅಂದಿದ್ದಾರೆ. ಕತೆ ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಅವನು ಸಾಯುವುದು ಕ್ಯಾನ್ಸರಿನಿಂದಲೂ ಅಲ್ಲ, ತಾನೇ ಹೂಡಿದ ಬಂದೂಕಿನ ಗುಂಡಿನಿಂದ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಎಲ್ಲಾ ಹೆಂಡತಿ ಮಕ್ಕಳಿಗಾಗಿ ಮಾಡಿದೆ ಅಂತ ಉದ್ದಕ್ಕೂ ಹೇಳಿಕೊಂಡು ಬಂದವನು, ಇಲ್ಲ, ನನಗಾಗಿ ಮಾಡಿದೆ ಅಂತ ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು 62ನೇ ಕಂತಿನಲ್ಲಿ, ಅಂದರೆ ಕೊನೆಯದರಲ್ಲಿ. ಅದನ್ನು ಕಿತ್ತರೆ ಅಪ್ಪನಿಗೆ ಉಳಿಯುವುದು ಆ ಮನುಷ್ಯನ ಸುಳ್ಳು ಮಾತ್ರ.

ನಾಯಕ ಸಾಯದ ಸರಣಿಗಳ ಪಟ್ಟಿಯನ್ನೂ ಕೇಳಿದ್ದೀರಿ. ನಾನು ಕೊಡುವುದಿಲ್ಲ, ಆ ಪಟ್ಟಿಯೇ ತಪ್ಪು. ದೂರದರ್ಶನದ 'ಮಹಾಭಾರತ' 94 ಕಂತು ನಡೆದು 1990ರಲ್ಲಿ ಮುಗಿದದ್ದು ಭೀಷ್ಮರು ಪ್ರಾಣ ಬಿಡುವುದರೊಂದಿಗೆ. ಮನೆಯ ಮುದುಕರನ್ನು ಒಳಗೆ ಕಳಿಸಿ ಅದನ್ನು ಯಾರೂ ನೋಡಲಿಲ್ಲ, ಅವರನ್ನೇ ಮುಂದೆ ಕೂರಿಸಿಕೊಂಡು ನೋಡಿದೆವು. 2007ರಲ್ಲಿ 'ದಿ ಸೊಪ್ರಾನೋಸ್' ಅನ್ನೋ ಇನ್ನೊಂದು ಸರಣಿ ಮುಗಿದಾಗ ಕೊನೆಯ ದೃಶ್ಯ ನಡುವೆಯೇ ಕಪ್ಪಾಗಿ, ಅಮೆರಿಕದಲ್ಲಿ ಎಷ್ಟೋ ಮಂದಿ ಕೇಬಲ್ ಹೋಯಿತು ಅಂದುಕೊಂಡರಂತೆ. ನಾಯಕ ಸತ್ತನೋ ಬದುಕಿದನೋ ಅಂತ ಇವತ್ತಿಗೂ ಜಗಳ ಆಡುತ್ತಾರೆ. ಅದನ್ನು ಓದಿದಾಗಲೆಲ್ಲ ನನಗೆ ಕಣ್ಣಮುಂದೆ ಬರುವುದು ಆ ಚುಕ್ಕೆಗಳನ್ನು ನೋಡುತ್ತ ಕೂತ ಅಜ್ಜಿ.

ಅಪ್ಪನನ್ನೇ ಕೇಳಿ: "ಮುಂದಕ್ಕೆ ನೋಡೋಣ್ವಾಪ್ಪ?" ಬೇಡ ಅಂದರೆ ಅಲ್ಲಿಗೆ ಬಿಡಿ, ಅದು ಅವರ ಇಷ್ಟ. ಕೀಮೋ ಆಗಿ ಸುಸ್ತಾದ ದಿನ ಹಾಕಬೇಡಿ. ಕೊನೆಯ ಕಂತು ಒಂದು ಗಂಟೆಯೊಳಗೆ ಮುಗಿಯುತ್ತದೆ, ರಾತ್ರಿ ತೀರ ತಡವಾಗಿ ಬೇಡ, ಸಂಜೆಯೇ ಹಾಕಿ. ಮುಗಿದ ಕೂಡಲೇ ಕಾಫಿ ತರುತ್ತೇನೆ ಅಂತ ಎದ್ದು ಹೋಗಬೇಡಿ, ಫೋನೂ ತೆಗೆಯಬೇಡಿ. ಅಲ್ಲೇ ಕೂತಿರಿ. ಅವರು ತಮ್ಮ ಅಪ್ಪನದೋ ಅಮ್ಮನದೋ ಮಾತು ತೆಗೆದರೆ ನಡುವೆ ಬಾಯಿ ಹಾಕದೆ ಕೇಳಿ. ಹೆಸರುಗಳನ್ನು ಅವತ್ತೇ ಬರೆದಿಟ್ಟುಕೊಳ್ಳಿ.